ಹೊಸ್ತಿಲ ಮೇಲೆ ನಿಂತ ಕುರ್ಚಿ

ಕುರ್ಚಿಯಲ್ಲಿ ಏನೂ ದೋಷವಿಲ್ಲ ಎಂದು ಎರಡು ಸಲ ಹೇಳಿ ಹೋದ ಮನೆಗೇ ಮೂರನೆಯ ಸಲ ಬಂದು ಕರೆಗಂಟೆ ಒತ್ತುವುದು ಅವನಿಗೆ ಹಿತವಾಗಿರಲಿಲ್ಲ. ಬೇರೆ ಯಾರದೋ ಮನೆಯಾಗಿದ್ದರೆ ರಿಪೇರಿ ಕಂಪನಿಯವನ ಮುಖ ಹಾಕಿಕೊಂಡು, ಎದೆಯ ಮೇಲಿನ ಗುರುತಿನ ಚೀಟಿಯನ್ನು ನೇರ ಮಾಡಿಕೊಂಡು ನಿಲ್ಲಬಹುದಿತ್ತು. ಇದು ದೊಡ್ಡಮ್ಮನ ಮನೆ. ಅವನ ಹಾಲುಹಲ್ಲು ಬಿದ್ದ ದಿನ ಕೂಡ ನೆನಪಿರುವ ಜನರೆದುರು ಗುರುತಿನ ಚೀಟಿ ಏನು ಮಾಡೀತು? ಒತ್ತಲು ಎತ್ತಿದ ಬೆರಳನ್ನು ಹಾಗೆಯೇ ಹಿಡಿದು ಅವನು ಗಂಟೆಯ ಗುಂಡಿಯನ್ನು ನೋಡಿದ. ಅದರ ಮೇಲಿನ ಅರ್ಧ ಕೊಳೆ ಹಿಡಿದಿತ್ತು, ಕೆಳಗಿನ ಅರ್ಧ ಮಾತ್ರ ನುಣುಪಾಗಿ ಹೊಳೆಯುತ್ತಿತ್ತು. ಅಂದರೆ ಇದನ್ನು ಹೆಚ್ಚು ಒತ್ತುವವರು ಕುಳಿತಲ್ಲಿಂದ ಮೇಲಕ್ಕೆ ಕೈ ಚಾಚಿ ಒತ್ತುವವರು. ದೊಡ್ಡಮ್ಮ ಬ್ಯಾಟರಿಯ ಗಾಲಿಕುರ್ಚಿಯಲ್ಲಿ ಒಬ್ಬರೇ ಬೀದಿಗೆ ಹೋಗಿ ಬರುತ್ತಿದ್ದ ದಿನಗಳ ಗುರುತು ಅದು. ಇಂಥದ್ದೆಲ್ಲ ಕಣ್ಣಿಗೆ ಬೀಳುವುದು ಅವನ ಹುಟ್ಟುಗುಣ. ಕಣ್ಣಿಗೆ ಬಿದ್ದದ್ದು ತಲೆಗೆ ಇಳಿಯಲು ಹೊತ್ತು ಹಿಡಿಯುವುದೂ ಹುಟ್ಟುಗುಣವೇ ಎಂದು ಅವನ ಹೆಂಡತಿ ಹೇಳುವುದುಂಟು. ಗುಂಡಿ ಒತ್ತಿದ. ಒಳಗೆ ಯಾರೋ ಚಪ್ಪಲಿ ಎಳೆಯುತ್ತ ಬಂದರು.

ನಿನ್ನೆ ಫೋನಿನಲ್ಲಿ ಅಣ್ಣ, ಅಂದರೆ ದೊಡ್ಡಮ್ಮನ ಮಗ, ದನಿ ಏರಿಸದೆ ಮಾತಾಡಿದ್ದ. ದನಿ ಏರಿಸಿದ್ದರೇ ವಾಸಿಯಿತ್ತು. "ಇನ್ನು ಸಾಕಪ್ಪ. ನೀನೇ ಎರಡು ಸಲ ನೋಡಿ ಸರಿ ಇದೆ ಅಂದೆ. ಅಂದ್ಮೇಲೆ ಕೆಟ್ಟಿರೋದು ಕುರ್ಚಿ ಅಲ್ಲ, ಅಮ್ಮನ ಕೈ. ನಾಳೆ ಬಂದು ಕೈಹಿಡಿ ಮೇಲಿರೋ ಆ ಜಾಯ್‌ಸ್ಟಿಕ್ ಬಿಚ್ಚಿ ಕುರ್ಚಿ ಹಿಂದಕ್ಕೆ ಹಾಕಿಬಿಡು. ನಾವೇ ಯಾರಾದರೂ ಹಿಂದೆ ನಿಂತು ನಡೆಸ್ತೀವಿ." ಹಿಂದಕ್ಕೆ ಹಾಕುವುದೆಂದರೆ ನಾಲ್ಕು ಸ್ಕ್ರೂಗಳ ಕೆಲಸ, ಟೀ ಆರುವಷ್ಟರಲ್ಲಿ ಮುಗಿಯುವಂಥದ್ದು. ಆಮೇಲೆ ದೊಡ್ಡಮ್ಮ ಕಿಟಕಿಯಿಂದ ಊಟದ ಮೇಜಿಗೆ ಹೋಗಬೇಕಾದರೂ ಯಾರನ್ನಾದರೂ ಕರೆಯಬೇಕು. ಅಷ್ಟೇ.

ದೊಡ್ಡಮ್ಮನ ದೂರು ಮೊದಲಿನಿಂದಲೂ ಒಂದೇ: ಮುಂಬಾಗಿಲಿನ ಹೊಸ್ತಿಲು ದಾಟುವಾಗ ಕುರ್ಚಿ ತಾನಾಗಿಯೇ ನಿಂತುಬಿಡುತ್ತದೆ, ಅರ್ಧ ಒಳಗೆ, ಅರ್ಧ ಹೊರಗೆ. ದಿನಾ ಅಲ್ಲ, ಅದಕ್ಕೆ ಮನಸ್ಸು ಬಂದ ದಿನ. ಕಳೆದ ಸಲ ಅವನು ಕುರ್ಚಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ, ಅವರನ್ನು ಒಳಗೂ ಹೊರಗೂ ಸಾಕಾಗುವಷ್ಟು ಓಡಾಡಿಸಿ, ಬೆಣ್ಣೆಯ ಹಾಗೆ ಓಡುತ್ತಿದೆ ಎಂದಿದ್ದ. ಆಗ ಅವರು ಹೇಳಿದ್ದರು, "ನೀನು ಇದ್ದಾಗ ನಿಲ್ಲಲ್ಲ ಕಣೋ. ನೀನು ಆ ದಾರ ಸಿಕ್ಕಿಸಿದ ಕೂಡಲೇ ಅದಕ್ಕೆ ಬುದ್ಧಿ ಬರುತ್ತೆ. ನೀನು ಹೋದ ಮೇಲೆ ನಿಲ್ಲುತ್ತೆ." ಅಣ್ಣ ನಕ್ಕಿದ್ದ. ಅತ್ತಿಗೆ ನಗು ಅಡಗಿಸಿಕೊಂಡಿದ್ದರು. ಅವನೂ ನಕ್ಕಿದ್ದ, ಅವನ ನಗು ಸ್ವಲ್ಪ ಉದ್ದವೇ ಆಗಿತ್ತು. ಏಕೆಂದರೆ ದೊಡ್ಡಮ್ಮನ ಮಾತೆಂದರೆ ಮನೆಯವರೆಲ್ಲ ನೀರು ಬೆರೆಸಿಯೇ ಕುಡಿಯುವುದು. ಒಂದಕ್ಕೆ ಹತ್ತು ಸೇರಿಸಿ, ಬಣ್ಣ ಕಟ್ಟಿ ಹೇಳುವುದು ಅವರಿಗೆ ಉಸಿರಾಟದಷ್ಟೇ ಸಹಜ. ಅವರು ಟೈಲರಿಂಗ್ ಅಂಗಡಿ ನಡೆಸುತ್ತಿದ್ದಾಗ ಸೊಂಟದ ಅಳತೆ ಕೊಡಲು ಬಂದ ಗಿರಾಕಿಯೊಬ್ಬ ಉಸಿರು ಹಿಡಿದು ನಿಂತು ಅಲ್ಲೇ ಮೂರ್ಛೆ ಹೋದನಂತೆ. ಆ ಗಿರಾಕಿ ಒಂದು ಸಲ ಹೇಳುವಾಗ ಮೇಜಿನ ಮೇಲೆ ಬೀಳುತ್ತಿದ್ದ, ಇನ್ನೊಂದು ಸಲ ಹೊಲಿಗೆ ಯಂತ್ರದ ಮೇಲೆ. ಇಂಥವರು ಕುರ್ಚಿ ನಿಲ್ಲುತ್ತದೆ ಎಂದರೆ ಯಾರು ತಾನೆ ಎದ್ದು ನೋಡುತ್ತಾರೆ?

"ಬನ್ನಿ. ನಿಮ್ಮ ಅಣ್ಣ ರಜೆ ಹಾಕಿ ಕಾಯ್ತಿದ್ದಾರೆ," ಎಂದು ಬಾಗಿಲು ತೆಗೆದ ಅತ್ತಿಗೆ, ಅವನ ಹೆಗಲ ಚೀಲವನ್ನು ಒಂದು ಗಳಿಗೆ ಹೆಚ್ಚಾಗಿಯೇ ನೋಡಿದರು. ಡಾಕ್ಟರ ಚೀಲವನ್ನು ಹಾಗೆ ನೋಡುತ್ತಾರೆ. ಹಾಲ್‌ನಲ್ಲಿ ಅಣ್ಣ ಸೋಫಾದ ತುದಿಯಲ್ಲಿ ಕೂತಿದ್ದ. ದೊಡ್ಡಮ್ಮ ಕುರ್ಚಿಯಲ್ಲಿ, ಕಿಟಕಿಯ ಕಡೆ ಮುಖ ಮಾಡಿ. ಅವರು ತಿರುಗಲಿಲ್ಲ. "ಬಂದೆಯಾ? ಬಿಚ್ಚೋ ಸಾಮಾನು ಮರೆತು ಬಂದಿಲ್ಲ ತಾನೆ," ಎಂದರು.

"ಮೊದಲು ಇನ್ನೊಂದು ಸಲ ನೋಡ್ತೀನಿ ದೊಡ್ಡಮ್ಮ."

"ನೋಡಪ್ಪ, ನೋಡೋಕೇನು. ನೀನು ನೋಡಿದಾಗೆಲ್ಲ ಅದು ಚೆನ್ನಾಗೇ ಇರುತ್ತೆ."

ಅವನು ನೆಲದ ಮೇಲೆ ಮಂಡಿಯೂರಿ ಕುರ್ಚಿಯ ಕೆಳಗೆ ತಲೆ ತೂರಿಸಿದ. ಈ ಭಂಗಿಯಲ್ಲಿ ಯಾರ ಮುಖವನ್ನೂ ನೋಡಬೇಕಾಗಿಲ್ಲ ಎಂಬುದು ಅವನ ಕಸುಬಿನ ಒಂದು ಸುಖ. ಚಕ್ರದ ಅಚ್ಚಿಗೆ ಬಿಳಿ ಕೂದಲು, ನೀಲಿ ನೂಲಿನ ಎಳೆ ಸುತ್ತಿಕೊಂಡಿದ್ದವು. ಸೀಟಿನ ಕೆಳಗೆ ಮೋಟಾರನ್ನು ನಡೆಸುವ ಕಪ್ಪು ಡಬ್ಬಿ. ಕೈಹಿಡಿಯ ಮೇಲಿನ ಜಾಯ್‌ಸ್ಟಿಕ್‌ನಿಂದ ಈ ಡಬ್ಬಿಗೆ ಎರಡು ತಂತಿಗಳು ಜಡೆಯ ಹಾಗೆ ಹೆಣೆದುಕೊಂಡು ಬರುತ್ತವೆ. ಇದಕ್ಕೆ ಕಸುಬಿನವರು ಬಸ್ ಎನ್ನುತ್ತಾರೆ. ಇರುವುದು ಎರಡೇ ತಂತಿ, ಆಡುವ ಮಾತೆಲ್ಲ ಅದರಲ್ಲೇ. 'ಮುಂದಕ್ಕೆ, ಮೆಲ್ಲಗೆ' ಎಂದು ಜಾಯ್‌ಸ್ಟಿಕ್ ಹೇಳುತ್ತದೆ, ಡಬ್ಬಿ ಚಕ್ರ ತಿರುಗಿಸುತ್ತದೆ. ಈ ಸಂಸಾರದೊಳಗೆ ಮೂರನೆಯವನಾಗಿ ನುಗ್ಗಿ ಕೇಳುವುದೇ ಅವನ ವಿದ್ಯೆ. ಕುರ್ಚಿ ತಯಾರಿಸಿದವರು ಕೊಟ್ಟ ಪರೀಕ್ಷೆಯ ಪೆಟ್ಟಿಗೆ ವರ್ಕ್‌ಶಾಪಿನಲ್ಲಿ ಒಂದೇ ಒಂದಿತ್ತು, ಅದೂ ಮ್ಯಾನೇಜರರ ಬೀರುವಿನಲ್ಲಿ ಬೀಗದೊಳಗೆ. ಇವನು ಪೇಟೆಯಲ್ಲಿ ಸಿಗುವ ಸಾಧಾರಣ ಯುಎಸ್‌ಬಿ ಅಡಾಪ್ಟರ್ ಒಂದನ್ನು ತಂದು, ಊಟದ ಬಿಡುವುಗಳಲ್ಲಿ ಕೂತು, ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಪುಟ್ಟ ಪ್ರೋಗ್ರಾಂ, ಸ್ಕ್ರಿಪ್ಟ್, ಬರೆದಿದ್ದ. ಅದರ ತಲೆಸಾಲಿನಲ್ಲಿ ಮೂರು ವಿಷಯ ಹೇಳಿದರೆ ಸಾಕು: ಯಾವ ಇಂಟರ್‌ಫೇಸ್, ಅಂದರೆ ಯಾವ ಜಾತಿಯ ಅಡಾಪ್ಟರ್, ಯಾವ ಚಾನೆಲ್, ತಂತಿಯ ಮೇಲೆ ಮಾತು ಓಡುವುದು ಎಷ್ಟು ವೇಗದಲ್ಲಿ. ಅಷ್ಟು ಹೇಳಿದ ಕೂಡಲೇ ಎರಡು ತಂತಿಗಳ ಗುಟ್ಟೆಲ್ಲ ಪರದೆಯ ಮೇಲೆ ಸಾಲುಸಾಲಾಗಿ ಇಳಿಯತೊಡಗುತ್ತಿತ್ತು. ಮೊದಲ ಸಲ ಹಾಗೆ ಇಳಿದಾಗ ಅವನಿಗಾದ ಸಂತೋಷ ಮದುವೆಯ ದಿನವೂ ಆಗಿರಲಿಲ್ಲ; ಇದನ್ನು ಅವನು ಹೆಂಡತಿಗೆ ಹೇಳಿಲ್ಲ. ಅಂದಿನಿಂದ ವರ್ಕ್‌ಶಾಪಿನಲ್ಲಿ ಅವನಿಗೆ 'ಸ್ಕ್ರಿಪ್ಟು' ಎಂದೇ ಹೆಸರು. ಗೇಲಿಗೆ ಇಟ್ಟ ಹೆಸರನ್ನು ಅವನು ಬಿರುದಿನಂತೆ ಹೊತ್ತು ತಿರುಗುತ್ತಿದ್ದ.

ಅಡಾಪ್ಟರಿನ ತುದಿಯನ್ನು ಕುರ್ಚಿಗೆ ಸಿಕ್ಕಿಸಿ, ಲ್ಯಾಪ್‌ಟಾಪನ್ನು ಮಣೆಯ ಮೇಲಿಟ್ಟು, ಸ್ಕ್ರಿಪ್ಟ್ ಓಡಿಸಿದ. ಕುರ್ಚಿ ಕೀಂಯ್ ಎಂದು ಕಿರುಚಿತು. ಜಾಯ್‌ಸ್ಟಿಕ್‌ನ ಕೆಂಪು ದೀಪ ಹತ್ತಿ ಮಿಣುಕತೊಡಗಿತು. ದೊಡ್ಡಮ್ಮ ಕೈಯನ್ನು ಬಿಸಿ ಪಾತ್ರೆಯಿಂದ ತೆಗೆಯುವಂತೆ ತೆಗೆದರು. "ನಾನು ಮುಟ್ಟಿಲ್ಲ," ಎಂದರು. ಯಾರೂ ಏನೂ ಕೇಳಿರಲಿಲ್ಲ. ಈ ಮನೆಯಲ್ಲಿ ಇವರು ಈಚೆಗೆ ಎಷ್ಟು ಸಲ ಹಾಗೆ ಹೇಳಿರಬೇಕು?

ತಪ್ಪು ಅವನದೇ. ನಿನ್ನೆ ಆಸ್ಪತ್ರೆಯೊಂದರ ಮೋಟಾರ್ ಮಂಚ ರಿಪೇರಿಗೆ ಬಂದಿತ್ತು. ಅದರ ತಂತಿಗಳ ವೇಗ ಬೇರೆ. ಆ ವೇಗವನ್ನು ಅವನು ಸ್ಕ್ರಿಪ್ಟಿನಲ್ಲಿ ಬರೆಯದೆ, ಸೋಮಾರಿತನಕ್ಕೆ, ಲ್ಯಾಪ್‌ಟಾಪಿನ ಸೆಟ್ಟಿಂಗ್ ಫೈಲಿನಲ್ಲಿ ಬರೆದಿಟ್ಟಿದ್ದ. ಸ್ಕ್ರಿಪ್ಟಿನಲ್ಲಿ ವೇಗ ಹೇಳದಿದ್ದರೆ ಅದು ತಾನಾಗಿ ಆ ಫೈಲಿನಿಂದ ಎತ್ತಿಕೊಳ್ಳುತ್ತದೆ. ಇಂದು ಅದು ಮಂಚದ ವೇಗವನ್ನು ಕುರ್ಚಿಯ ಮೇಲೆ ಹೇರಿತ್ತು. ಎರಡು ತಂತಿಗಳ ಮಾತಿನ ನಡುವೆ ಅಡಾಪ್ಟರ್ ತನಗೇನೂ ಅರ್ಥವಾಗುತ್ತಿಲ್ಲವೆಂದು ಗದ್ದಲ ಎಬ್ಬಿಸಿ, ಇರುವ ಮಾತನ್ನೂ ಕೆಡಿಸಿತ್ತು. ಕಲಿಯುವವರು ಮೊದಲ ವಾರ ಮಾಡುವ ತಪ್ಪು. ಅವನ ಕಿವಿ ಬಿಸಿಯಾಯಿತು.

"ಏನಾಯ್ತೋ?" ಅಣ್ಣ ಎದ್ದು ಬಂದ.

"ಏನಿಲ್ಲ, ನನ್ನ ಕಡೆ ವೇಗ ತಪ್ಪಾಗಿತ್ತು. ಒಂದು ಸಲ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತೆ."

"ನೀನು ಬರೋವರೆಗೂ ಚೆನ್ನಾಗಿತ್ತು," ಎಂದು ಅಣ್ಣ ನಕ್ಕ. ಕೆಟ್ಟ ನಗುವಲ್ಲ, ಮನೆಯವರ ನಗು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಅಮ್ಮನಿಗೆ ಹೇಳ್ತಿದ್ದೆ. ಆ ಗಾದೆ ನಿನಗೂ ಎತ್ತಿಡಬೇಕಾಗುತ್ತೇನೋ."

ದೊಡ್ಡಮ್ಮನ ಮುಖ ಅವನಿಗೆ ಕಾಣುತ್ತಿರಲಿಲ್ಲ, ಕೈ ಮಾತ್ರ ಕಾಣುತ್ತಿತ್ತು. ಆ ಗಾದೆಗೆ ಕೈ ಸೆರಗಿನ ಅಂಚನ್ನು ಹಿಡಿದು ಮಡಿಸತೊಡಗಿತು. ಹೆಬ್ಬೆರಳ ಪಕ್ಕದಲ್ಲಿ ಕತ್ತರಿಯ ಹಿಡಿ ಒತ್ತಿ ಒತ್ತಿ ಗಟ್ಟಿಯಾದ ಚರ್ಮ ಇನ್ನೂ ಹಾಗೆಯೇ ಇತ್ತು. ಈ ಕೈ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆಯನ್ನೂ ಎಳೆಯದೆ ಕಾಲರ್ ಕತ್ತರಿಸುತ್ತಿತ್ತು. ಅವನಿಗೆ ಶಾಲೆಯ ಹೊಸ ಅಂಗಿಯೊಂದು ನೆನಪಾಯಿತು. ಕುತ್ತಿಗೆಗೆ ಚುಚ್ಚುತ್ತದೆ ಎಂದು ಅವನು ಅತ್ತಿದ್ದ, ಶಾಲೆಗೆ ಹೋಗದಿರಲು ಹೂಡಿದ ಆಟ ಇದು ಎಂದು ಅವನ ಅಮ್ಮ ಬೈದಿದ್ದಳು. ದೊಡ್ಡಮ್ಮ ಅಂಗಿಯನ್ನು ತಿರುವಿ, ಕಾಲರಿನ ಹೊಲಿಗೆಯನ್ನೆಲ್ಲ ಬಿಚ್ಚಿ, ಬೆಳಕಿಗೆ ಹಿಡಿದು ನೋಡಿದರು. ಏನೂ ಇರಲಿಲ್ಲ. ಸೂಜಿ ಇಲ್ಲ, ಗಂಟಿಲ್ಲ. "ಏನೂ ಇಲ್ವಲ್ಲ ಅಕ್ಕ," ಎಂದು ಅಮ್ಮ ಗೆದ್ದ ದನಿಯಲ್ಲಿ ಹೇಳಿದ್ದಳು. "ಚುಚ್ಚುತ್ತೆ ಅಂತಾನಲ್ಲ. ಕುತ್ತಿಗೆ ಅವನದು," ಎಂದು ಹೇಳಿ ದೊಡ್ಡಮ್ಮ ಬೇರೆ ಬಟ್ಟೆಯಲ್ಲಿ ಹೊಸ ಕಾಲರ್ ಹೊಲಿದು ಕೊಟ್ಟಿದ್ದರು. ಅದು ಚುಚ್ಚಲಿಲ್ಲ. ಹಳೆಯದು ನಿಜಕ್ಕೂ ಚುಚ್ಚುತ್ತಿತ್ತೇ ಎಂಬುದು ಇಂದಿಗೂ ಅವನಿಗೆ ಖಚಿತವಿಲ್ಲ. ಆದರೆ ದೊಡ್ಡಮ್ಮ ಆ ಮಾತನ್ನು ಮತ್ತೆ ಎತ್ತಲೂ ಇಲ್ಲ, ಬಣ್ಣ ಕಟ್ಟಿ ಯಾರಿಗೂ ಹೇಳಲೂ ಇಲ್ಲ. ಅವರು ಬಣ್ಣ ಕಟ್ಟದ ಕತೆಗಳೂ ಇದ್ದವು ಎಂಬುದು ಈಗ, ಅವರ ಕುರ್ಚಿಯ ಹಿಂದೆ ಮಂಡಿಯೂರಿ ಕೂತಾಗ, ಅವನಿಗೆ ಮೊದಲ ಸಲ ಹೊಳೆಯಿತು.

ವೇಗ ಸರಿಪಡಿಸಿದ. ಕುರ್ಚಿ ಆಫ್ ಮಾಡಿ ಆನ್ ಮಾಡಿದ್ದಾಯಿತು, ಕೆಂಪು ದೀಪ ಹೋಯಿತು. ಆದರೂ ಸ್ಕ್ರಿಪ್ಟ್ ಮತ್ತೆ ಓಡಿಸಲು ಅವನಿಗೆ ಕೈ ಬರಲಿಲ್ಲ. ಇನ್ನೊಂದು ಸಲ ಕಿರುಚಿದರೆ ಅಣ್ಣನ ಗಾದೆ ವರ್ಷಗಟ್ಟಲೆ ಬೆನ್ನು ಬಿಡದು. ತನ್ನ ಅಡಾಪ್ಟರ್ ಆ ತಂತಿಗಳ ಮೇಲೆ ತುಟಿಪಿಟಕ್ಕೆನ್ನಬಾರದು ಎಂದು ಅವನು ಇಂಟರ್‌ಫೇಸಿನ ಸೆಟ್ಟಿಂಗಿನಲ್ಲಿ ಇನ್ನೊಂದು ಮಾತು ಸೇರಿಸಿದ: ಕೇಳುವುದು ಮಾತ್ರ. ಇಷ್ಟು ವರ್ಷ ಅದನ್ನು ಹಾಕಬೇಕೆಂದು ಅವನಿಗೆ ತೋರಿರಲಿಲ್ಲ. ಹಾಕದಿದ್ದರೂ ಎಲ್ಲ ಕಾಣುತ್ತಿತ್ತಲ್ಲ, ಮತ್ತೇಕೆ ಎಂದುಕೊಂಡಿದ್ದ. ಜಾಣತನದಿಂದ ಹಾಕಿದ್ದಲ್ಲ ಅದು. ಶುದ್ಧ ನಾಚಿಕೆ.

"ಹೂಂ ದೊಡ್ಡಮ್ಮ, ಹೊರಡಿ. ಬಾಗಿಲಿಗೆ ಹೋಗಿ."

ಅವರು ಜಾಯ್‌ಸ್ಟಿಕ್ ಮುಂದಕ್ಕೆ ಒತ್ತಿದರು. ಕುರ್ಚಿ ಹೊರಟಿತು. ಅವನು ಲ್ಯಾಪ್‌ಟಾಪನ್ನು ಅಂಗೈ ಮೇಲೆ ಹೊತ್ತು, ತಂತಿ ಎಳೆಯದಂತೆ ನೋಡಿಕೊಂಡು, ತಟ್ಟೆ ಹಿಡಿದ ಮಾಣಿಯಂತೆ ಹಿಂದೆ ಹಿಂದೆ ನಡೆದ. ಪರದೆಯ ಮೇಲೆ ಸಾಲುಗಳು ಶಿಸ್ತಾಗಿ ಇಳಿಯುತ್ತಿದ್ದವು: ಮುಂದಕ್ಕೆ, ಮುಂದಕ್ಕೆ, ಸ್ವಲ್ಪ ಬಲಕ್ಕೆ, ಮುಂದಕ್ಕೆ. ಮುಂಚಕ್ರಗಳು ಹೊಸ್ತಿಲು ಹತ್ತಿ ಇಳಿದವು. ಹಿಂಚಕ್ರಗಳು ಹತ್ತಿ ದಡಕ್ಕೆಂದು ಕುಕ್ಕರಿಸಿದವು. ಪರದೆಯ ಮೇಲೆ ಒಮ್ಮೆಗೇ ದೋಷದ ಸಾಲುಗಳು ಉಕ್ಕಿ ಬಂದವು. ಆಮೇಲೆ ಒಂದೇ ಸಾಲು, ಅದೇ ಸಾಲು, ಉಸಿರು ಬಿಡದೆ, ಮತ್ತೆ ಮತ್ತೆ. ಕೀಂಯ್ ಎಂದಿತು. ಕೆಂಪು ದೀಪ. ಕುರ್ಚಿ ಹೊಸ್ತಿಲ ಮೇಲೆ ನಿಂತಿತು. ಅರ್ಧ ಒಳಗೆ, ಅರ್ಧ ಹೊರಗೆ.

ಮೊದಲು ಅವನಿಗಾದದ್ದು ಸಂತೋಷ. ಹೇಳಿಕೊಳ್ಳಲು ನಾಚಿಕೆಯಾಗುವಂಥ, ಬೆನ್ನಹುರಿಯವರೆಗೆ ಹೋಗುವ ಸಂತೋಷ. ಅವನು ಆ ಸಾಲನ್ನು ನೋಡುತ್ತ ನಿಂತ. ಜಾಯ್‌ಸ್ಟಿಕ್ ಒಂದೇ ಮಾತನ್ನು ಏಕೆ ಹೀಗೆ ಬಡಬಡಿಸುತ್ತಿದೆ? ಈ ತಂತಿಗಳ ಮೇಲೆ ಒಂದು ಪದ್ಧತಿಯಿದೆ. ಮಾತಾಡುವವನು ತನ್ನ ಮಾತಿನ ಕೊನೆಯಲ್ಲಿ ಒಂದಿಷ್ಟು ಖಾಲಿ ಜಾಗ ಬಿಡುತ್ತಾನೆ. ಸರಿಯಾಗಿ ಕೇಳಿಸಿದವರು ಯಾರಾದರೂ ಆ ಜಾಗದಲ್ಲಿ ಹೂಂಗುಟ್ಟಬೇಕು. ಅಜ್ಜಿ ಕತೆ ಹೇಳುವಾಗ ಹೂಂ ಎನ್ನುವವರು ಬೇಕಲ್ಲ, ಹಾಗೆಯೇ. ಯಾರೂ ಹೂಂ ಎನ್ನದಿದ್ದರೆ ಕೇಳಿಸಲಿಲ್ಲವೆಂದು ತಿಳಿದು ಅದು ಅದೇ ಮಾತನ್ನು ಮತ್ತೆ ಹೇಳುತ್ತದೆ, ಮತ್ತೆ ಹೇಳುತ್ತದೆ, ಕೊನೆಗೆ ಕೈಚೆಲ್ಲಿ ಕುರ್ಚಿಯನ್ನು ನಿಲ್ಲಿಸುತ್ತದೆ. ಹೊಸ್ತಿಲಿನ ಕುಲುಕಾಟಕ್ಕೆ ಮೋಟಾರ್ ಡಬ್ಬಿಯೊಳಗೆ ಯಾವುದೋ ಬೆಸುಗೆ ಬಿಡುತ್ತಿರಬೇಕು. ಅದಕ್ಕೆ ಕಿವಿ ಕೇಳುತ್ತದೆ, ಹೂಂ ಎನ್ನುವ ಬಾಯಿ ಮಾತ್ರ ಕಟ್ಟಿಹೋಗುತ್ತದೆ. ಹಾಗಾದರೆ ಕಳೆದ ಎರಡು ಸಲ? ಕಳೆದ ಎರಡು ಸಲವೂ ಹೂಂ ಎಂದದ್ದು ಅವನ ಅಡಾಪ್ಟರ್. 'ಕೇಳುವುದು ಮಾತ್ರ' ಎಂದು ಹೇಳದಿದ್ದರೆ ಅಡಾಪ್ಟರ್ ತಾನಾಗಿ ಪ್ರತಿ ಮಾತಿಗೂ ಹೂಂಗುಟ್ಟುತ್ತದೆ. ಅವನ ಸ್ಕ್ರಿಪ್ಟಿಗೆ ಅದರ ಸುಳಿವೂ ಹತ್ತುವುದಿಲ್ಲ. ಡಬ್ಬಿ ಮೂಕವಾದಾಗಲೆಲ್ಲ ಇವನು ಅದರ ಪರವಾಗಿ ಉತ್ತರ ಕೊಟ್ಟು, ಕುರ್ಚಿಯನ್ನು ಓಡಿಸಿ, ಆಮೇಲೆ ಕುರ್ಚಿ ಸರಿಯಿದೆ ಎಂದು ಹೇಳಿ ಹೋಗಿದ್ದ. ನೀನು ಆ ದಾರ ಸಿಕ್ಕಿಸಿದ ಕೂಡಲೇ ಅದಕ್ಕೆ ಬುದ್ಧಿ ಬರುತ್ತೆ. ದೊಡ್ಡಮ್ಮ ಒಂದು ಅಕ್ಷರವನ್ನೂ ಹೆಚ್ಚು ಸೇರಿಸಿರಲಿಲ್ಲ.

ಆ ಮಾತು ನೆನಪಾದ ಕೂಡಲೇ ಸಂತೋಷ ಇಳಿದುಹೋಯಿತು. "ದೊಡ್ಡಮ್ಮ, ಹೀಗೇನಾ ನಿಲ್ಲೋದು?" ಎಂದು ಕೇಳಿದ.

"ಹೀಗೇ," ಎಂದರು ಅವರು, ಬೀದಿಯ ಕಡೆಯೇ ನೋಡುತ್ತ. "ಇಲ್ಲೇ."

ಅವನು ಅಣ್ಣನ ಕಡೆ ತಿರುಗಿ ಹೇಳತೊಡಗಿದ. ಉತ್ಸಾಹದಲ್ಲಿ ತಂತಿ, ಖಾಲಿ ಜಾಗ, ಹೂಂ, ಡಬ್ಬಿ, ಬೆಸುಗೆ ಎಲ್ಲವನ್ನೂ ಒಂದರ ಮೇಲೊಂದು ಪೇರಿಸಿದ. ಅಣ್ಣ ತಾಳ್ಮೆಯಿಂದ ಕೇಳಿದ. ಅವನು ಕೆಟ್ಟವನಲ್ಲ, ಒಂದು ದಿನ ಆಫೀಸಿನಿಂದ ಬರುವಾಗ ಅಮ್ಮ ಹೊಸ್ತಿಲ ಮೇಲೆ ಸಿಕ್ಕಿಕೊಂಡು, ದಾರಿಹೋಕರೆಲ್ಲ ಇಣುಕಿ ನೋಡುತ್ತಿದ್ದುದನ್ನು ಕಂಡು ಅವನ ಎದೆ ಒಡೆದಿತ್ತು. ಇದೇ ರಸ್ತೆಯ ನಡುವೆ ಆಗಿದ್ದರೆ ಎಂಬ ಯೋಚನೆ ಅವನಿಗೆ ನಿದ್ದೆ ಕೊಡುತ್ತಿರಲಿಲ್ಲ. ಕೇಳಿ ಮುಗಿದ ಮೇಲೆ ಅವನು ಹೇಳಿದ, "ಬೇಜಾರು ಮಾಡ್ಕೋಬೇಡ. ಐದು ನಿಮಿಷದ ಹಿಂದೆ ನೀನು ಅದನ್ನ ಸಿಕ್ಕಿಸಿದಾಗ ನಿಂತಿತು. ಈಗ್ಲೂ ನೀನು ಸಿಕ್ಕಿಸಿದಾಗ ನಿಂತಿದೆ. ನೀನು ಏನೋ ಬದಲಾಯಿಸಿದೆ ಅಂತ ನೀನೇ ಹೇಳ್ತಿದೀಯ. ಕುರ್ಚಿ ದೋಷ ಅಂತ ಹೇಗೆ ನಂಬೋದು?"

"ಮೊದಲನೇ ಸಲ ನಿಂತಿದ್ದು ಬೇರೆ ಕಾರಣಕ್ಕೆ."

"ನೋಡೋರಿಗೆ ಎರಡೂ ಒಂದೇ ಅಲ್ವಾ?"

ನಿಜ, ನೋಡುವವರಿಗೆ ಎರಡೂ ಒಂದೇ. ಅದೇ ಕಿರುಚಾಟ, ಅದೇ ಕೆಂಪು ದೀಪ. ಸರಿ, ತಂತಿಯೇ ಬೇಡ ಎಂದು ಅವನು ಅಡಾಪ್ಟರ್ ಕಿತ್ತು ಜೇಬಿಗೆ ಹಾಕಿಕೊಂಡ. ಕುರ್ಚಿಯನ್ನು ಹಿಂದಕ್ಕೆ ತಳ್ಳಿ, ಆಫ್ ಮಾಡಿ, ಆನ್ ಮಾಡಿ, "ಈಗ ದಾಟಿ ದೊಡ್ಡಮ್ಮ, ಈಗ ನೋಡಲಿ," ಎಂದ. ಅವರು ದಾಟಿದರು. ಹಿಂಚಕ್ರಗಳು ದಡಕ್ಕೆಂದವು. ಕುರ್ಚಿ ನಿಲ್ಲಲಿಲ್ಲ. ಸಲೀಸಾಗಿ ಹೊರಗೆ ಹೋಗಿ ಜಗಲಿಯ ಬಿಸಿಲಿನಲ್ಲಿ ನಿಂತಿತು. ಮತ್ತೊಮ್ಮೆ ದಾಟಿಸಿದ. ಅತ್ತಿಗೆ ಅಡುಗೆಮನೆಯಿಂದ ಬಂದು ಗೋಡೆಗೆ ಒರಗಿ ನಿಂತರು. ಅಡಾಪ್ಟರ್ ಮತ್ತೆ ಸಿಕ್ಕಿಸಿ, ಕೇಳುವುದು ಮಾತ್ರ ಎಂದೇ ಇಟ್ಟು, ಇನ್ನೊಮ್ಮೆ ದಾಟಿಸಿ ಹಾಲ್‌ಗೆ ತಂದ. ಸಾಲುಗಳು ಒಂದರ ಹಿಂದೊಂದು ಶಿಸ್ತಾಗಿ ಇಳಿದವು. ಬಿಟ್ಟ ಬೆಸುಗೆ ಯಾವುದೋ ಕುಲುಕಾಟಕ್ಕೆ ಮತ್ತೆ ಕೂಡಿಕೊಂಡಿರಬೇಕು. ದೋಷವೂ ಇಲ್ಲ, ಕಿರುಚಾಟವೂ ಇಲ್ಲ. "ಈಗ ನಿಂತಿತ್ತಲ್ಲ, ನೀನೂ ನೋಡಿದೆಯಲ್ಲ," ಎಂದ. ಹಾಗೆನ್ನುವಾಗ ದನಿಯಲ್ಲಿ ಒಂದು ಗೋಗರೆತ ಬಂದದ್ದು ಅವನಿಗೇ ಕೇಳಿಸಿತು. ಈ ದನಿಯನ್ನು ಅವನು ಎಲ್ಲಿ ಕೇಳಿದ್ದ ಎಂದು ಹೆಚ್ಚು ಯೋಚಿಸಬೇಕಾಗಿರಲಿಲ್ಲ. ಇದೇ ಹಾಲ್‌ನಲ್ಲಿ, ಕಳೆದ ತಿಂಗಳು. ಅದನ್ನು ಕೇಳಿ ಅವನು ನಕ್ಕಿದ್ದ.

ದೊಡ್ಡಮ್ಮ ಕುರ್ಚಿ ತಿರುಗಿಸಿ ಅವನನ್ನು ನೋಡಿದರು. ಇವತ್ತಿನ ಮೊದಲ ನೋಟ ಅದು. ಗೆದ್ದವರ ನೋಟವಲ್ಲ, ಮರುಕವೂ ಇರಲಿಲ್ಲ. ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಪಕ್ಕದವರ ಚೀಟಿಯಲ್ಲೂ ತನ್ನ ಕಾಯಿಲೆಯ ಹೆಸರೇ ಇರುವುದನ್ನು ಕಂಡವರು ನೋಡುವಂಥ ಕುತೂಹಲದ ನೋಟ. "ನಿನಗೂ ಹಾಗೇ ಆಗುತ್ತಾ?" ಎಂದು ಕೇಳಿದರು. ಅವನು ಅಡಾಪ್ಟರ್ ಬಿಡಿಸಿ ತಂತಿ ಸುತ್ತತೊಡಗಿದ.

"ಹೋಗಲಿ ಬಿಡು," ಎಂದ ಅಣ್ಣ. "ಜಾಯ್‌ಸ್ಟಿಕ್ ಹಿಂದಕ್ಕೆ ಹಾಕಿಬಿಡು. ಎಲ್ಲರಿಗೂ ನೆಮ್ಮದಿ."

ಅವನು ಚೀಲದಿಂದ ಸ್ಕ್ರೂಡ್ರೈವರ್ ತೆಗೆದ. ಕೈಹಿಡಿಯ ಮೇಲೆ ನಾಲ್ಕು ಸ್ಕ್ರೂ. ಸೀಟಿನ ಕೆಳಗೆ, ಮೋಟಾರ್ ಡಬ್ಬಿಗೆ, ಆರು. ಡಬ್ಬಿಯನ್ನು ಬಿಚ್ಚಿ ವರ್ಕ್‌ಶಾಪಿಗೆ ಒಯ್ದರೆ ಮ್ಯಾನೇಜರ್ ಮೊದಲು ಕೇಳುವುದು ದೋಷ ದಾಖಲಾಗಿದೆಯೇ ಎಂದು. ನಿಂತದ್ದು ಒಂದು ಸಲ, ಅದೂ ತನ್ನದೇ ತಪ್ಪು ನಡೆದ ಬೆನ್ನಿಗೆ. ಓಡಿದ್ದು ಮೂರು ಸಲ. ಬದಲಿ ಡಬ್ಬಿಯೂ ಇಲ್ಲ. ಅಲ್ಲಿಯವರೆಗೆ ದೊಡ್ಡಮ್ಮ ಕುರ್ಚಿಯೇ ಇಲ್ಲದೆ ಕೂರಬೇಕು. ಅವನು ಕೈಹಿಡಿಯನ್ನು ಬಿಟ್ಟು ಬ್ಯಾಟರಿಯ ತಂತಿ ಬಿಡಿಸಲು ಕೆಳಗೆ ಬಾಗಿದ.

"ಅದನ್ನ ಯಾಕೆ ಬಿಚ್ತೀಯ?"

"ಡಬ್ಬಿ ತಗೊಂಡು ಹೋಗ್ತೀನಿ. ಜಾಯ್‌ಸ್ಟಿಕ್ ಇಲ್ಲೇ ಇರುತ್ತೆ, ದೊಡ್ಡಮ್ಮನ ಕೈ ಹತ್ರಾನೇ."

"ಏನು ಆಧಾರದ ಮೇಲೆ? ಈಗ ನಿನ್ನ ಕಣ್ಣೆದುರೇ ಓಡಿತಲ್ಲ."

"ನಿಲ್ಲುತ್ತೆ ಅಂತ ದೊಡ್ಡಮ್ಮ ಹೇಳ್ತಿದ್ದಾರಲ್ಲ."

ಅಣ್ಣ ಹೆಂಡತಿಯ ಕಡೆ ನೋಡಿದ. ಆಮೇಲೆ, "ಏನಾದರೂ ಮಾಡ್ಕೊಳ್ಳಿ," ಎಂದು ಒಳಗೆ ಹೋದ. ಅತ್ತಿಗೆ ಬಂದು ದೊಡ್ಡಮ್ಮನ ಒಂದು ತೋಳು ಹಿಡಿದರು, ಅವನು ಇನ್ನೊಂದನ್ನು. ಇಬ್ಬರೂ ಅವರನ್ನು ಎಬ್ಬಿಸಿ ಸೋಫಾದ ಮೇಲೆ ಕೂರಿಸಿದರು. ಎಷ್ಟು ಹಗುರ ಎಂದು ಅವನು ಬೆಚ್ಚಿದ. ಬೆನ್ನಿಗೆ ದಿಂಬು ಕೊಟ್ಟು ಅತ್ತಿಗೆ ಅಡುಗೆಮನೆಗೆ ಹೋದರು.

"ಎಷ್ಟು ದಿನ?" ದೊಡ್ಡಮ್ಮ ಕೇಳಿದರು.

"ಒಂದು ವಾರ ಆಗಬಹುದು. ಹೆಚ್ಚೂ ಆಗಬಹುದು. ಅಲ್ಲಿವರೆಗೆ ನಿಮಗೆ ಎಲ್ಲಿಗೂ ಹೋಗೋಕಾಗಲ್ಲ."

"ಆಗಲಿ."

ಅವನು ಕುರ್ಚಿಯನ್ನು ಸೋಫಾದ ಹತ್ತಿರ ಎಳೆದು, ಪಕ್ಕಕ್ಕೆ ಮಲಗಿಸಿ, ಮೊದಲ ಸ್ಕ್ರೂ ಸಡಿಲಿಸಿದ. ದೊಡ್ಡಮ್ಮ ಮುಂದಕ್ಕೆ ಬಾಗಿ ಡಬ್ಬಿಯನ್ನು ನೋಡುತ್ತಿದ್ದರು. ಇಷ್ಟು ದಿನ ತನ್ನನ್ನು ಸುಳ್ಳುಗಾತಿ ಮಾಡಿದ ವಸ್ತು ಇಷ್ಟೇನಾ ಎಂಬಂತೆ. ಅವರು ದನಿ ತಗ್ಗಿಸಿ, ಒಳಗಿನವರಿಗೆ ಕೇಳಿಸದ ಹಾಗೆ ಕೇಳಿದರು, "ನಿಜ ಹೇಳು. ನನ್ನ ಮಾತು ನಂಬಿ ಬಿಚ್ತಿದೀಯೋ, ಸಮಾಧಾನ ಮಾಡೋಕೋ?"

"ನಂಬಿ ದೊಡ್ಡಮ್ಮ. ನಾನೇ ಕಣ್ಣಾರೆ ನೋಡಿದೆನಲ್ಲ."

"ನೋಡೋದಕ್ಕೆ ಮುಂಚೆ?"

ಹೇಳಲು ಬೇಕಾದಷ್ಟು ಮಾತುಗಳಿದ್ದವು: ಅಡಾಪ್ಟರ್, ಸೆಟ್ಟಿಂಗ್, ಎಂಥವರಿಗೂ ಆಗಬಹುದಾದ ತಪ್ಪು. ಎಲ್ಲವೂ ನಿಜವೇ. ಆದರೆ ಅವರು ಕೇಳಿದ್ದು ಅದಲ್ಲ. ಅವನು ತಲೆ ಎತ್ತದೆ ಸ್ಕ್ರೂ ತಿರುಗಿಸಿದ. ಅದು ಕಳಚಿ ಬಂತು, ನೆಲದ ಮೇಲಿಡಲು ಹೋದ.

"ಕೆಳಗಿಡಬೇಡ, ಉರುಳಿ ಹೋಗುತ್ತೆ," ಎಂದು ದೊಡ್ಡಮ್ಮ ಅಂಗೈ ಚಾಚಿದರು. "ಇಲ್ಲಿ ಕೊಡು."